ಮುಂಬಯಿ ಹಬ್ಬಕ್ಕೆ ಹೊರಟವರಿಗೆ: ಯಾವ ದಿನ, ಯಾವ ಹೊತ್ತು, ಯಾವ ಸ್ಟೇಷನ್

ಗಣೇಶನ ಚೌತಿಗೆಂದು ಮುಂಬಯಿಗೆ ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ಹೆಚ್ಚಿನವರ ಬಾಯಲ್ಲಿ ಲಾಲ್‌ಬಾಗ್ ರಾಜನ ಸಾಲಿನ ಕಥೆಯೇ. ಸಂಜೆ ಸಾಲಿಗೆ ಸೇರಿದ್ದು, ನಡುರಾತ್ರಿ ಮಳೆ ಸುರಿದದ್ದು, ಚಪ್ಪಲಿ ಕಳೆದದ್ದು, ಬೆಳಗಿನ ಜಾವ ಮೂರ್ತಿಯ ಮುಂದೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತದ್ದು. ಉಳಿದ ಮುಂಬಯಿ? ಕಾಲು ನೋಯುತ್ತಿತ್ತು, ನೋಡಲಿಲ್ಲ. ಇಷ್ಟಕ್ಕೆ ರಜೆ, ರೈಲಿನ ಖರ್ಚು, ಲಾಡ್ಜಿನ ಬಾಡಿಗೆ.

ಮುಂಬಯಿಯಲ್ಲಿ ಹಬ್ಬಕ್ಕೆ ಬರವಿಲ್ಲ, ಬರ ಇರುವುದು ಜಾಗಕ್ಕೆ. ಇಂಥ ಊರಿನಲ್ಲಿ ಹಬ್ಬ ಸವಿಯಬೇಕೆಂದರೆ ಜನ ಸೇರುವ ಮುಂಚೆ ಹೋಗಬೇಕು, ಇಲ್ಲವೇ ಜನ ಹೆಚ್ಚು ಹೋಗದ ಕಡೆ ಹೋಗಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಪಂಚಾಂಗದ ಮಾತು. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ನಡೆಯುವುದು ಅಮಾವಾಸ್ಯೆಗೆ ಮುಗಿಯುವ ಚಾಂದ್ರಮಾನ ತಿಂಗಳೇ. ಹಾಗಾಗಿ ನಮ್ಮ ಯುಗಾದಿಯ ದಿನವೇ ಅವರ ಗುಡಿ ಪಾಡವಾ, ನಮ್ಮ ನೂಲಹುಣ್ಣಿಮೆಯ ದಿನವೇ ಅವರ ನಾರಳಿ ಪೂರ್ಣಿಮಾ. ಚೌತಿ, ದಸರಾ, ದೀಪಾವಳಿಗೂ ಇದೇ ಲೆಕ್ಕ. ಅಂದರೆ ಈ ಹಬ್ಬಗಳಿಗೆ ಮುಂಬಯಿಗೆ ಹೋಗುವುದೆಂದರೆ ಮನೆಯ ಹಬ್ಬ ಬಿಟ್ಟು ಹೋಗುವುದು ಎಂದೇ ಅರ್ಥ. ಮನೆಯಲ್ಲಿ ಹಿರಿಯರಿದ್ದರೆ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಅದಕ್ಕೆ ಉಪಾಯ ಉಂಟು. ಮುಂಬಯಿಯ ಚೌತಿ ಒಂದು ದಿನದ್ದಲ್ಲ. ಮನೆಯ ಗಣಪತಿಯನ್ನು ನೀರಿಗೆ ಬಿಟ್ಟು ಮಾರನೆಯ ದಿನ ಹೊರಟರೂ ಅಲ್ಲಿ ಇನ್ನೂ ಎಂಟೊಂಬತ್ತು ದಿನ ಹಬ್ಬ ಉಳಿದಿರುತ್ತದೆ. ಕೃಷ್ಣಾಷ್ಟಮಿಯದು ಇನ್ನೂ ಸೊಗಸು. ಉಡುಪಿಯ ಅಷ್ಟಮಿ ಸೌರಮಾನದ್ದು, ಕೆಲವು ವರ್ಷ ಎರಡೂ ಬೇರೆ ಬೇರೆ ತಿಂಗಳಲ್ಲಿ ಬೀಳುತ್ತವೆ. 2025ರಲ್ಲಿ ಮುಂಬಯಿಯ ದಹಿ ಹಂಡಿ ಆಗಸ್ಟ್ 16ಕ್ಕೆ ಮುಗಿದರೆ, ಉಡುಪಿಯ ವಿಟ್ಲಪಿಂಡಿ ನಡೆದದ್ದು ಸೆಪ್ಟೆಂಬರ್ 15ಕ್ಕೆ. ಅಂಥ ವರ್ಷ ಎರಡನ್ನೂ ನೋಡಬಹುದು.

ಕಿಂಗ್ಸ್ ಸರ್ಕಲ್‌ನಿಂದ ಶುರುಮಾಡಿ

ಕನ್ನಡಿಗರಿಗೆ ನನ್ನ ಸಲಹೆ, ಮುಂಬಯಿಯ ಗಣೇಶೋತ್ಸವವನ್ನು ಲಾಲ್‌ಬಾಗಿನಿಂದ ಶುರುಮಾಡಬೇಡಿ, ಕಿಂಗ್ಸ್ ಸರ್ಕಲ್‌ನಿಂದ ಮಾಡಿ. ಅಲ್ಲಿನ ಜಿ.ಎಸ್.ಬಿ. ಸೇವಾ ಮಂಡಲದ ಗಣಪತಿ ಗೌಡ ಸಾರಸ್ವತರು ಕೂರಿಸುವುದು. ಕರಾವಳಿಯ ಕಡೆಯವರಿಗೆ ಒಳಗೆ ಕಾಲಿಟ್ಟ ಕೂಡಲೇ ಊರಿನ ಉತ್ಸವಕ್ಕೆ ಬಂದ ಹಾಗೇ ಅನಿಸುತ್ತದೆ. ಸಾಲಿನಲ್ಲಿ ಹಿಂದಿನವರು ಕೊಂಕಣಿಯಲ್ಲಿ, ಮುಂದಿನವರು ತುಳುವಿನಲ್ಲಿ ಮಾತಾಡುತ್ತಿರುತ್ತಾರೆ. ನಡುವೆ ನಿಂತು ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಮಣ್ಣಿನ ಮೂರ್ತಿ, ಮೈತುಂಬ ಬಂಗಾರ. 60 ಕಿಲೋಗೂ ಹೆಚ್ಚು ಚಿನ್ನ, 300 ಕಿಲೋಗೂ ಹೆಚ್ಚು ಬೆಳ್ಳಿಯ ಅಲಂಕಾರ. 2024ರಲ್ಲಿ ಮಂಡಲ ಮಾಡಿಸಿದ ವಿಮೆಯೇ 400 ಕೋಟಿ ರೂಪಾಯಿ ದಾಟಿತ್ತು. ಪತ್ರಿಕೆಗಳು ಪ್ರತಿ ವರ್ಷ ಈ ಚಿನ್ನದ ಲೆಕ್ಕವನ್ನೇ ಬರೆಯುತ್ತವೆ. ನೋಡಬೇಕಾದದ್ದು ಮಾತ್ರ ಬೇರೆ ಇದೆ. ಒಂದು ಕಡೆ ತುಲಾಭಾರ ನಡೆಯುತ್ತಿರುತ್ತದೆ, ತಕ್ಕಡಿಯ ಒಂದು ತಟ್ಟೆಯಲ್ಲಿ ಕಾಲು ಮಡಚಿ ಕುಳಿತ ಮಗು, ಇನ್ನೊಂದರಲ್ಲಿ ತೆಂಗಿನಕಾಯಿಯೋ ಬೆಲ್ಲವೋ. ಇನ್ನೊಂದು ಕಡೆ ಸೇವಾ ರಸೀದಿ ಹಿಡಿದ ಮನೆಮಂದಿ ತಮ್ಮ ಹೆಸರು, ಗೋತ್ರ ಕರೆಯುವುದನ್ನೇ ಕಾಯುತ್ತಾ ಕೂತಿರುತ್ತಾರೆ. ಮಧ್ಯಾಹ್ನ ಬಾಳೆಎಲೆಯಲ್ಲಿ ಅನ್ನಪ್ರಸಾದ. ಪಂಕ್ತಿಯಲ್ಲಿ ಬಡಿಸುವವರು ಬರುವ ವೇಗಕ್ಕೆ ಹೊಂದಿಕೊಳ್ಳದಿದ್ದರೆ ಸಾರು ಬಂದದ್ದು ಗೊತ್ತಾಗುವ ಮುಂಚೆ ಪಾಯಸ ಬಂದಿರುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ.

ನೆನಪಿಡಬೇಕಾದ ಮಾತು: ಈ ಗಣಪತಿ ಇರುವುದು ಐದೇ ದಿನ. ಹನ್ನೊಂದು ದಿನವೂ ಇದ್ದೀತು ಎಂದುಕೊಂಡು ಎರಡನೆಯ ವಾರ ಹೋದರೆ ಖಾಲಿ ಚಪ್ಪರ ನೋಡಿ ಬರಬೇಕು. ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್ ಸ್ಟೇಷನ್ ಹತ್ತಿರ, ಸೆಂಟ್ರಲ್ ಲೈನಿನಲ್ಲಿ ಬಂದರೆ ಮಾಟುಂಗಾ ಇಲ್ಲವೇ ಸಯನ್. ಬೆಳಿಗ್ಗೆ ಏಳೆಂಟು ಗಂಟೆಗೆ ಹೋದರೆ ದರ್ಶನ ಸಲೀಸು. ಸಂಜೆ ಆಫೀಸು ಬಿಟ್ಟವರೆಲ್ಲ ಬರುತ್ತಾರೆ. ಇಲ್ಲಿಂದ ವಡಾಲಾದ ರಾಮಮಂದಿರದ ಜಿ.ಎಸ್.ಬಿ. ಗಣಪತಿಯೂ ದೂರವಿಲ್ಲ.

ಬೀಡುಬಿಡುವುದಕ್ಕೂ ಮಾಟುಂಗಾವೇ ಒಳ್ಳೆಯದು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲಿಯೇ. ಪಶ್ಚಿಮದ ಕಡೆಗೆ ದಾಟಿದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಸ್ಟೇಷನ್ ಮಗ್ಗುಲಲ್ಲೇ 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಆಸ್ತಿಕ ಸಮಾಜದ ದೇವಸ್ಥಾನದ ಹೊರಗೆ ಹೂವಿನವರು, ಆಚೀಚೆ ಕಾಫಿಪುಡಿ ಅಂಗಡಿ. ಬೆಳಿಗ್ಗೆ ಕೆಫೆ ಮದ್ರಾಸಿನ ಮುಂದೆ ಹೆಸರು ಬರೆಸಿ ಕಾಯುವವರ ಗುಂಪು. ಕಾಯುವ ತಾಳ್ಮೆ ಇಲ್ಲದಿದ್ದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಮಾಟುಂಗಾದಲ್ಲಿ ಕೆಟ್ಟ ಇಡ್ಲಿ ಸಿಗುವುದು ಅಪರೂಪ.

ಮುಂಬಯಿ ಕನ್ನಡಿಗರ ಹಬ್ಬ ಎಲ್ಲೆಲ್ಲಿ ನಡೆಯುತ್ತದೆ ಎಂದು ತಿಳಿಯಲು ಗೂಗಲ್‌ಗಿಂತ ಅಲ್ಲಿನ ಕನ್ನಡ ಪತ್ರಿಕೆ ಮೇಲು. ‘ಕರ್ನಾಟಕ ಮಲ್ಲ’ ಮುಂಬಯಿಯಿಂದಲೇ ಬರುವ ದಿನಪತ್ರಿಕೆ. ಅದರ ‘ಇಂದಿನ ಕಾರ್ಯಕ್ರಮ’ದಂಥ ಸಣ್ಣ ಸುದ್ದಿಗಳಲ್ಲಿ ಯಾವ ಸಂಘದ್ದು ಗಣಹೋಮ, ಎಲ್ಲಿ ಭಜನೆ, ಯಾವ ಸಭಾಗೃಹದಲ್ಲಿ ಯಕ್ಷಗಾನ ಎಂಬುದೆಲ್ಲ ಇರುತ್ತದೆ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ಬಿಡುವು. ಆಗ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ, ಆಗಸ್ಟ್ ಹೊತ್ತಿಗೆ ಉಪನಗರಗಳಲ್ಲಿ ಆಟ, ತಾಳಮದ್ದಳೆ ಒಂದರ ಹಿಂದೆ ಒಂದು. ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ ಮತ್ತು ಪೇಜಾವರ ಮಠ, ಅಂಧೇರಿಯ ಮೊಗವೀರ ಭವನ ಇವುಗಳ ಬಾಗಿಲು ಹಬ್ಬದ ದಿನ ಯಾರಿಗೂ ಮುಚ್ಚಿರುವುದಿಲ್ಲ. ಹೋಗುವ ಮುಂಚೆ ಒಂದು ಫೋನ್ ಮಾಡಿ ವೇಳೆ ಕೇಳಿಕೊಳ್ಳಿ, ಅಷ್ಟೇ.

ಲಾಲ್‌ಬಾಗ್ ಬೇಡವೇ?

ಬೇಡ ಎನ್ನುತ್ತಿಲ್ಲ. ಅದರ ಕಥೆ ತಿಳಿದು ಹೋದರೆ ಇನ್ನೂ ಚೆನ್ನ. 1930ರ ದಶಕದ ಮೊದಲಿಗೆ ಅಲ್ಲಿನ ಪೆರು ಚಾಳಿನ ಮಾರುಕಟ್ಟೆ ಮುಚ್ಚಿಹೋಗಿ, ಮೀನು ಮಾರುವವರು, ಸಣ್ಣ ವ್ಯಾಪಾರಿಗಳು ಬೀದಿಗೆ ಬಿದ್ದರು. ಕಾಯಂ ಜಾಗ ಸಿಕ್ಕಿದರೆ ಗಣಪತಿ ಕೂರಿಸುತ್ತೇವೆ ಎಂದು ಹರಕೆ ಹೊತ್ತರು. ಜಾಗ ಸಿಕ್ಕಿತು, 1934ರಲ್ಲಿ ಗಣಪತಿ ಬಂದ. ಹರಕೆ ತೀರಿಸುವ ದೇವರೆಂಬ ಹೆಸರು ಅಂಟಿಕೊಂಡದ್ದು ಹೀಗೆ.

ಅಲ್ಲಿ ಎರಡು ಸಾಲು. ‘ನವಸಾಚಿ ರಾಂಗ’ ಹರಕೆಯವರದು, ಮೂರ್ತಿಯ ಪಾದದವರೆಗೆ ಹೋಗುತ್ತದೆ, ಇಡೀ ರಾತ್ರಿಯನ್ನು ನುಂಗುವುದು ಇದೇ. ‘ಮುಖದರ್ಶನ’ದ ಸಾಲು ದೂರದಿಂದ ನೋಡಿ ಹೊರಬರುವವರಿಗೆ. ಹರಕೆ ಇಲ್ಲದವರು ಮುಖದರ್ಶನದ ಸಾಲನ್ನೇ ಕೇಳಿ ಹಿಡಿಯಿರಿ. ವಾರದ ನಡುವೆ, ಮೊದಲ ಎರಡು ಮೂರು ದಿನಗಳಲ್ಲಿ, ಬೆಳಗಿನ ಹೊತ್ತು ಹೋಗಿ. ಶನಿವಾರ, ಭಾನುವಾರ ಮತ್ತು ಕೊನೆಯ ಮೂರು ದಿನ ಆ ಕಡೆ ತಲೆ ಹಾಕಬೇಡಿ. ಸೆಂಟ್ರಲ್ ಲೈನಿನ ಚಿಂಚ್‌ಪೋಕ್ಲಿ ಅಥವಾ ಕರೀ ರೋಡಿನಲ್ಲಿ ಇಳಿಯಬೇಕು, ಇವೆರಡರಲ್ಲೂ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಹತ್ತಿರದಲ್ಲೇ 1928ರ ಗಣೇಶ ಗಲ್ಲಿಯ ಗಣಪತಿ ಇದೆ, ಚಿಂಚ್‌ಪೋಕ್ಲಿಯ ಚಿಂತಾಮಣಿ ಇನ್ನೂ ಹಳೆಯದು, 1920ರದು. ಎಲ್ಲ ಸುತ್ತಿ ಬರಲು ಅರ್ಧ ದಿನ ಬೇಕು. ಮೊಬೈಲನ್ನು ಮುಂದಿನ ಜೇಬಿನಲ್ಲಿ, ಅದರ ಮೇಲೆ ಕೈಯಿಟ್ಟೇ ನಡೆಯಿರಿ. ಲಾಲ್‌ಬಾಗಿನ ಗದ್ದಲದಲ್ಲಿ ಮೊಬೈಲ್ ಕಳವಿನ ದೂರುಗಳು ಪ್ರತಿ ವರ್ಷ ರಾಶಿ ಬೀಳುತ್ತವೆ.

ನನ್ನನ್ನು ಕೇಳಿದರೆ ಲಾಲ್‌ಬಾಗಿಗಿಂತ ಗಿರ್‌ಗಾಂವಿನ ನಡಿಗೆಗೆ ಹೆಚ್ಚು ಅಂಕ. ಲೋಕಮಾನ್ಯ ತಿಲಕರ ಕರೆಗೆ 1893ರಲ್ಲಿ ಶುರುವಾದ, ಮುಂಬಯಿಯ ಅತಿ ಹಳೆಯ ಸಾರ್ವಜನಿಕ ಗಣೇಶೋತ್ಸವ ಇರುವುದು ಅಲ್ಲಿನ ಕೇಶವಜೀ ನಾಯಕ್ ಚಾಳಿನಲ್ಲಿ. ಇಪ್ಪತ್ತು ಅಡಿಯ ಮೂರ್ತಿಯನ್ನು ಎದುರುನೋಡಿ ಹೋದವರಿಗೆ ಅಲ್ಲಿ ಮನೆಯ ಜಗುಲಿಯ ಮೇಲಿಡುವಂಥ ಪುಟ್ಟ ಮಣ್ಣಿನ ಗಣಪ. ಮರದ ಕಟಾಂಜನದ ಬಾಲ್ಕನಿ, ಒಣಹಾಕಿದ ಬಟ್ಟೆ, ಕೆಳಗೆ ಅಂಗಳದಲ್ಲಿ ಆರತಿ. ಸಂಜೆಯ ಆರತಿಗೆ ಚಾಳಿನ ಅಜ್ಜಿಯರು, ಮಕ್ಕಳು ಎಲ್ಲ ಸೇರುತ್ತಾರೆ. ಮರಾಠಿ ಬಾರದಿದ್ದರೂ ಚಪ್ಪಾಳೆ ಹೊಡೆಯಲು ಭಾಷೆ ಬೇಡ. ಅಲ್ಲಿಂದ ಖೇತ್‌ವಾಡಿಯ ಗಲ್ಲಿಗಳಿಗೆ ಹೋದರೆ ಇದರ ತದ್ವಿರುದ್ಧ, ಗಲ್ಲಿಗೊಂದು ಆಳೆತ್ತರ ಮೀರಿದ ಮೂರ್ತಿ, ಪೌರಾಣಿಕ ದೃಶ್ಯಾವಳಿ, ದೀಪದ ಕಮಾನು. ಇಲ್ಲಿಗೆ ರಾತ್ರಿ ಎಂಟರ ನಂತರವೇ ಹೋಗಬೇಕು, ಹಗಲು ಹೋದರೆ ಸಪ್ಪೆ. ವೆಸ್ಟರ್ನ್ ಲೈನಿನ ಚರ್ನಿ ರೋಡಿನಲ್ಲಿ ಇಳಿಯಬಹುದು. ಈಗ ಇನ್ನೂ ಸುಲಭ. ಆರೆಯಿಂದ ಕಫ್ ಪರೇಡ್‌ವರೆಗಿನ ನೆಲದಡಿಯ ಮೆಟ್ರೊ 3 ಪೂರ್ತಿಯಾಗಿ ತೆರೆದದ್ದು 2025ರ ಅಕ್ಟೋಬರಿನಲ್ಲಿ, ಅದಕ್ಕೆ ಗಿರ್‌ಗಾಂವಿನಲ್ಲೇ ಸ್ಟೇಷನ್ ಇದೆ. ವಯಸ್ಸಾದವರನ್ನು ಕರೆದೊಯ್ಯುವವರು ಲೋಕಲ್ ಬಿಟ್ಟು ಇದನ್ನೇ ಹಿಡಿಯಿರಿ.

ರಜೆ ಸಿಗದೆ ತಡವಾಗಿ ಹೊರಡುವವರು ಅಂಧೇರಿಗೆ ಹೋಗಬಹುದು. ಆಜಾದ್ ನಗರದ ‘ಅಂಧೇರಿಚಾ ರಾಜಾ’ 1966ರಿಂದ ಕೂರುತ್ತಿದ್ದಾನೆ. ಊರೆಲ್ಲ ಅನಂತ ಚತುರ್ದಶಿಗೆ ವಿಸರ್ಜನೆ ಮುಗಿಸಿದರೂ ಇವನು ಸಂಕಷ್ಟಿಯವರೆಗೆ ಕದಲುವುದಿಲ್ಲ.

ವಿಸರ್ಜನೆಯ ದಿನ

ವಿಸರ್ಜನೆ ಒಂದೇ ದಿನವಲ್ಲ. ಒಂದೂವರೆ ದಿನದ್ದು, ಐದು ದಿನದ್ದು, ಗೌರಿಯ ಜೊತೆಗಿನದು, ಕೊನೆಗೆ ಅನಂತ ಚತುರ್ದಶಿಯದು. ಚಿಕ್ಕ ಮಕ್ಕಳಿದ್ದರೆ ಒಂದೂವರೆ ದಿನದ ವಿಸರ್ಜನೆಯೇ ಚಂದ. ಮನೆಮನೆಯ ಗಣಪತಿಗಳು ಕೈಯಲ್ಲಿ, ತಲೆಯ ಮೇಲೆ, ತಳ್ಳುಗಾಡಿಯಲ್ಲಿ ಹೊರಡುತ್ತವೆ. ಜೊತೆಗೆ ತಾಳ, ಗುಲಾಲು, ‘ಪುಢಚ್ಯಾ ವರ್ಷೀ ಲವಕರ್ ಯಾ’ (ಮುಂದಿನ ವರ್ಷ ಬೇಗ ಬಾ) ಎಂಬ ಕೂಗು. ಪಾಲಿಕೆ ಬಡಾವಣೆಗಳಲ್ಲಿ ಕೃತಕ ಕೊಳ ಮಾಡಿಡುತ್ತದೆ. 2025ರಲ್ಲಿ ಆರಡಿಗಿಂತ ಕಡಿಮೆ ಎತ್ತರದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಇಂಥ ಕೊಳದಲ್ಲೇ ಬಿಡಬೇಕೆಂದು ಹೈಕೋರ್ಟಿನ ಆದೇಶವಿತ್ತು. ನೀವು ಉಳಿದುಕೊಂಡ ಕಡೆಯ ಕೊಳದ ಹತ್ತಿರ ಅರ್ಧ ಗಂಟೆ ನಿಂತರೆ, ಗಿರ್‌ಗಾಂವ್ ಚೌಪಾಟಿಯ ದಂಡೆಯಲ್ಲಿ ಕಾಣದ್ದು ಕಾಣುತ್ತದೆ: ಮೂರ್ತಿಯನ್ನು ಕೈಬಿಡಲಾರದೆ ಅಳುವ ಮಗು, ಅದಕ್ಕೆ ಸಮಾಧಾನ ಹೇಳುತ್ತ ತಾನೇ ಕಣ್ಣೊರೆಸಿಕೊಳ್ಳುವ ಅಪ್ಪ.

ಅನಂತ ಚತುರ್ದಶಿಯ ದಿನ ಗಿರ್‌ಗಾಂವ್ ಚೌಪಾಟಿ ನೋಡಲೇಬೇಕೆಂದರೆ ಮಧ್ಯಾಹ್ನ ಮೂರರೊಳಗೆ ಹೋಗಿ ಜಾಗ ಹಿಡಿಯಿರಿ, ಕತ್ತಲಾಗುವ ಮುಂಚೆ ಹೊರಡಿ. ಸಂಜೆಯ ಮೇಲೆ ಒಳಗೆ ಹೋಗುವವರು, ಹೊರಗೆ ಬರುವವರು ಒಂದೇ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಲಾಲ್‌ಬಾಗ್ ರಾಜ ಚೌಪಾಟಿ ತಲುಪುವುದು ಮಾರನೆಯ ಬೆಳಿಗ್ಗೆ. 2025ರಲ್ಲಂತೂ ಉಬ್ಬರದ ನೀರು ಕೈಕೊಟ್ಟು ಆ ದಿನ ರಾತ್ರಿಯವರೆಗೂ ಕಾಯಬೇಕಾಯಿತು. ಹಾಗಾಗಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಆರಕ್ಕೆ ಎದ್ದು ಹೋಗುವವರೇ ಜಾಣರು. ಆ ರಾತ್ರಿ ರೈಲ್ವೆ ಹೆಚ್ಚುವರಿ ಲೋಕಲ್ ಓಡಿಸುತ್ತದೆ.

ನೀರಿಗೆ ಇಳಿಯಬೇಡಿ, ಅದರಲ್ಲೂ ಬರಿಗಾಲಲ್ಲಿ. ಮಳೆಗಾಲದ ಕೊನೆಗೆ ಮುಂಬಯಿಯ ದಂಡೆಗೆ ತೊರಕೆ ಮೀನು ಬರುತ್ತದೆ, ‘ಬ್ಲೂ ಬಾಟಲ್’ ಎಂಬ ನೀಲಿ ಅಂಬಲಿ ಮೀನಿನಂಥದ್ದೂ ಬರುತ್ತದೆ. 2013ರ ವಿಸರ್ಜನೆಯಲ್ಲಿ ಗಿರ್‌ಗಾಂವಿನಲ್ಲಿ ಹತ್ತಾರು ಮಂದಿಗೆ ತೊರಕೆ ಚುಚ್ಚಿತ್ತು. ಕರೀ ರೋಡ್, ಚಿಂಚ್‌ಪೋಕ್ಲಿ, ಬೈಕಲಾ ಕಡೆಯ ಹಳೆಯ ರೈಲ್ವೆ ಸೇತುವೆಗಳ ಮೇಲೆ ಮೆರವಣಿಗೆಯ ಜೊತೆ ನಿಂತು ಕುಣಿಯಬೇಡಿ, ಪೊಲೀಸರೂ ಇದನ್ನೇ ಹೇಳುತ್ತಾರೆ. ಮಾರನೆಯ ದಿನ ದಂಡೆಯಲ್ಲಿ ಬಿದ್ದ ಮುರಿದ ಮೂರ್ತಿಗಳ ಫೋಟೊ ತೆಗೆದು ಹಂಚುವುದಕ್ಕೂ ಪೊಲೀಸರ ನಿಷೇಧ ಉಂಟು.

ಮೇಣದ ಮನೆ ಮಾರುವ ಜಾತ್ರೆ

ಚೌತಿಯ ಆಸುಪಾಸಿನಲ್ಲೇ ಬರುವ, ನಮ್ಮವರು ಅಷ್ಟಾಗಿ ಹೋಗದ ಜಾತ್ರೆಯೊಂದಿದೆ, ಬಾಂದ್ರಾದ ಮೌಂಟ್ ಮೇರಿ ಜಾತ್ರೆ. ಮರಾಠಿಯವರ ಬಾಯಲ್ಲಿ ಆ ತಾಯಿ ‘ಮೋತ ಮಾವುಲಿ’. ಸೆಪ್ಟೆಂಬರ್ 8 ಮೇರಿಯ ಹುಟ್ಟುಹಬ್ಬ, ಅದರ ನಂತರದ ಭಾನುವಾರ ಜಾತ್ರೆ ಶುರುವಾಗಿ ವಾರವಿಡೀ ನಡೆಯುತ್ತದೆ. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಎಲ್ಲ ಜಾತಿಮತದವರು ಹೋಗಿ ಮೇಣದ ಬತ್ತಿ ಹಚ್ಚುವುದನ್ನು ಕಂಡವರಿಗೆ ಇಲ್ಲಿ ಏನೂ ಹೊಸದೆನಿಸದು, ಮೇಣದ ಅಂಗಡಿಗಳ ಹೊರತು.

ಗುಡ್ಡ ಹತ್ತುವ ದಾರಿಯ ಇಕ್ಕೆಲದಲ್ಲೂ ಆ ಅಂಗಡಿಗಳು. ಸಾಮಾನ್ಯ ಮೇಣದ ಬತ್ತಿಯ ಪಕ್ಕದಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮಗು. ಕಾಲುನೋವಿದ್ದವರು ಕಾಲು ಕೊಳ್ಳುತ್ತಾರೆ, ಮಕ್ಕಳಾಗಬೇಕೆಂದವರು ಮಗುವನ್ನು. ಈಚೆಗೆ ಮೇಣದ ಮನೆಗೇ ಗಿರಾಕಿ ಜಾಸ್ತಿಯಂತೆ. ಮುಂಬಯಿಯ ಫ್ಲ್ಯಾಟಿನ ಬೆಲೆ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ದೇವರಿಂದಲ್ಲದೆ ಇನ್ನಾರಿಂದ ಆದೀತು! ವಿದೇಶಕ್ಕೆ ಹೋಗಬೇಕೆನ್ನುವವರಿಗೆ ಮೇಣದ ವಿಮಾನವೂ ಸಿಗುತ್ತದೆ. ಕೊಂಡದ್ದನ್ನು ಮೇಲೆ ಒಪ್ಪಿಸಿ, ಇಳಿಯುವಾಗ ಗೋವೆಯ ತಿಂಡಿ ಅಂಗಡಿಗಳಲ್ಲಿ ಖಾಜೆ, ಪೇರಳೆಯ ಹಲ್ವ, ಹುರಿದ ಕಡಲೆ ಕಟ್ಟಿಸಿಕೊಳ್ಳಬಹುದು. ವಾರದ ನಡುವಿನ ಬೆಳಿಗ್ಗೆ ಹೋಗುವುದು ಲೇಸು. ಬಾಂದ್ರಾ ಸ್ಟೇಷನ್ನಿನ ಪಶ್ಚಿಮದ ಕಡೆಯಿಂದ ಬೆಸ್ಟ್ ಬಸ್ಸುಗಳು ಜಾತ್ರೆಗೆಂದೇ ಓಡುತ್ತವೆ, ರಿಕ್ಷಾ ಹಿಡಿದರೆ ಗುಡ್ಡದ ಬುಡದಲ್ಲೇ ಇಳಿಸುತ್ತಾರೆ.

ಗೋವಿಂದರ ಏಣಿ

ಎತ್ತರದಲ್ಲಿ ಹಗ್ಗಕ್ಕೆ ತೂಗುಹಾಕಿದ ಮೊಸರಿನ ಗಡಿಗೆಯನ್ನು ಒಡೆಯುವ ದಹಿ ಹಂಡಿಯ ತಂಡಗಳಿಗೆ ಗೋವಿಂದಾ ಪಥಕ ಎಂದು ಹೆಸರು. ಗುರುಪೂರ್ಣಿಮೆಯಿಂದಲೇ ಅಭ್ಯಾಸ ಶುರು. ಹೆಗಲ ಮೇಲೆ ಕಾಲಿಟ್ಟು ಕಟ್ಟುವ ಒಂದೊಂದು ಸುತ್ತಿಗೆ ‘ಥರ’ ಎನ್ನುತ್ತಾರೆ. ಜೋಗೇಶ್ವರಿಯ ಜೈ ಜವಾನ್ ಪಥಕ 2012ರಲ್ಲಿ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿ 13.34 ಮೀಟರ್ ಏರಿ ಗಿನ್ನೆಸ್ ದಾಖಲೆ ಮಾಡಿತ್ತು. 2025ರಲ್ಲಿ ಹತ್ತು ಥರವೂ ಆಯಿತು. ಎತ್ತರ ನೋಡಬೇಕೆಂದರೆ ಠಾಣೆ, ಗಲ್ಲಿಯ ಸೊಗಡು ಬೇಕೆಂದರೆ ದಾದರ್ ಮತ್ತು ಗಿರ್‌ಗಾಂವ್. ಹೆಣ್ಣುಮಕ್ಕಳ ಪಥಕಗಳೂ ಇವೆ, ಅವರು ಬರುವ ವೇಳೆ ಕೇಳಿಕೊಂಡು ಕಾಯಿರಿ.

ಹಗ್ಗದ ಕೆಳಗೆ ನಿಲ್ಲಬೇಡಿ. ಥರ ಕುಸಿದಾಗ ಮೇಲಿನವರು ಬೀಳುವುದು ಸುತ್ತ ನಿಂತವರ ತಲೆಯ ಮೇಲೆಯೇ. ಪರಿಚಯದವರ ಒಂದನೇ ಮಹಡಿಯ ಕಿಟಕಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆಳಗೆ ನಿಂತವರ ಮೇಲೆ ಕಿಟಕಿಗಳಿಂದ ನೀರು ಸುರಿಯುತ್ತದೆ, ಬ್ಯಾಗಿನೊಳಗೆ ಒಂದು ಪ್ಲಾಸ್ಟಿಕ್ ಚೀಲವಿರಲಿ. ಈ ಎತ್ತರದ ಪೈಪೋಟಿ ನನಗೆ ಅಷ್ಟು ಹಿಡಿಸುವುದಿಲ್ಲ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಏರಿಸುವಂತಿಲ್ಲ ಎಂದು ಕೋರ್ಟು ಹೇಳಬೇಕಾಗಿ ಬಂದದ್ದೇ ಸಾಕು. ಐದಾರು ಥರದ ಗಲ್ಲಿ ಹಂಡಿಗಳಲ್ಲಿ ನಗು ಹೆಚ್ಚು, ಲೌಡ್‌ಸ್ಪೀಕರ್ ಕಡಿಮೆ.

ದಸರೆಗೆ ಲೋಕಲ್ ರೈಲನ್ನೇ ನೋಡಿ

ನವರಾತ್ರಿಗೆ ಮುಂಬಯಿಯಲ್ಲಿ ಎರಡು ದಾರಿ. ಬೊರಿವಲಿ, ಘಾಟ್ಕೋಪರ್, ಮುಲುಂಡ್ ಕಡೆ ಗುಜರಾತಿಗಳ ಗರ್ಬಾ. ದೊಡ್ಡ ಮೈದಾನಗಳದ್ದಕ್ಕೆ ಪಾಸ್ ಕೊಳ್ಳಬೇಕು, ಅಗ್ಗವಲ್ಲ. ಹೌಸಿಂಗ್ ಸೊಸೈಟಿಗಳ ಗರ್ಬಾಕ್ಕೆ ಯಾರಾದರೂ ಕರೆದರೆ ಸಾಕು, ಪಾಸ್ ಬೇಡ. ಇನ್ನೊಂದು ದಾರಿ ಬಂಗಾಳಿಗಳ ದುರ್ಗಾಪೂಜೆ, ಶಿವಾಜಿ ಪಾರ್ಕಿನ ಬೆಂಗಾಲ್ ಕ್ಲಬ್ಬು, ಖಾರಿನ ರಾಮಕೃಷ್ಣ ಮಿಷನ್. ಅಷ್ಟಮಿಯ ಮಧ್ಯಾಹ್ನ ಹೋದರೆ ಖಿಚಡಿಯ ಭೋಗ ಸಿಗುತ್ತದೆ.

ಕಾಸು ಖರ್ಚಿಲ್ಲದ ದಸರಾ ನೋಡಬೇಕೆಂದರೆ ಲೋಕಲ್ ರೈಲು ಹತ್ತಿ. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಎಂಬ ಪಟ್ಟಿಯನ್ನು ಪತ್ರಿಕೆಗಳು ಅಚ್ಚುಹಾಕುತ್ತವೆ. ಬೆಳಗಿನ ಲೇಡೀಸ್ ಡಬ್ಬಿಯಲ್ಲಿ ಆ ದಿನದ ಬಣ್ಣದ ಸೀರೆಗಳೇ. ದಸರೆಯ ಹಿಂದಿನ ಕೆಲಸದ ದಿನ, ದಿನವೂ ಒಂದೇ ಗಾಡಿಯ ಒಂದೇ ಡಬ್ಬಿಯಲ್ಲಿ ಹೋಗುವವರು ಚೆಂಡುಹೂವಿನ ಹಾರ, ಮಾವಿನೆಲೆಯ ತೋರಣ, ಬಣ್ಣದ ಕಾಗದ ಕಟ್ಟಿ ಡಬ್ಬಿಗೆ ಪೂಜೆ ಮಾಡುತ್ತಾರೆ. ಕಿಟಕಿಯ ಸರಳಿಗೆ ದೇವಿಯ ಪಟ, ಎದುರು ತೆಂಗಿನಕಾಯಿ, ಎರಡು ಸ್ಟೇಷನ್ ದಾಟುವಷ್ಟರಲ್ಲಿ ಆರತಿ ಮುಗಿದು ಪೇಡೆ ಹಂಚಿಯಾಗಿರುತ್ತದೆ. ಅಪರಿಚಿತರ ಕೈಗೂ ಪೇಡೆ ಬೀಳುತ್ತದೆ. ನಮ್ಮ ಆಯುಧಪೂಜೆಯಲ್ಲಿ ಬಸ್ಸು, ಲಾರಿ, ಆಟೊಗೆ ಪೂಜೆ ಮಾಡುವುದು ಅದರ ಒಡೆಯರೋ ಡ್ರೈವರೋ. ಇಲ್ಲಿ ಪೂಜೆ ಪ್ರಯಾಣಿಕರದು.

ದಸರೆಯ ಮುಂಜಾನೆ ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಚೆಂಡುಹೂವಿನ ಗುಡ್ಡೆಗಳ ಪಕ್ಕದಲ್ಲಿ ಆಪಟೆಯ ಎಲೆಯ ಕಟ್ಟುಗಳು. ಉತ್ತರ ಕರ್ನಾಟಕದವರು ಬನ್ನಿ ಕೊಟ್ಟಂತೆ ಇಲ್ಲಿ ಈ ಎಲೆಯನ್ನೇ ಬಂಗಾರವೆಂದು ಕೊಡುತ್ತಾರೆ. ಆದರೆ ಎಚ್ಚರ. 2017ರ ಸೆಪ್ಟೆಂಬರ್ 29ರಂದು, ದಸರೆಯ ಹಿಂದಿನ ದಿನ, ಮಳೆಗೆ ಜನ ಸೇರಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಾಲ್ಸೇತುವೆಯಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸೇತುವೆಯ ಮೇಲೆ ಜನ ನಿಂತೇಬಿಟ್ಟಿದ್ದಾರೆ ಎಂದು ಕಂಡರೆ ಮೆಟ್ಟಿಲೇರಬೇಡಿ, ಪ್ಲಾಟ್‌ಫಾರ್ಮಿನಲ್ಲೇ ಹತ್ತು ನಿಮಿಷ ನಿಲ್ಲಿ.

ಉಳಿದ ತಿಂಗಳುಗಳಲ್ಲಿ

ಯುಗಾದಿಯ ಬೆಳಿಗ್ಗೆ ಗಿರ್‌ಗಾಂವ್ ಮತ್ತು ಡೊಂಬಿವಲಿಯಲ್ಲಿ ಶೋಭಾಯಾತ್ರೆ, ಒಂಬತ್ತು ಗಜದ ಸೀರೆಯುಟ್ಟ ಹೆಂಗಸರು ಬುಲೆಟ್ ಓಡಿಸಿಕೊಂಡು ಬರುವುದನ್ನು ನೋಡಲೇ ಹೋಗಬಹುದು. ರಂಜಾನಿನ ರಾತ್ರಿ ಮಹಮ್ಮದ್ ಅಲಿ ರೋಡಿನ ಮಿನಾರಾ ಮಸೀದಿಯ ಗಲ್ಲಿ. ಉಪವಾಸ ಬಿಡುವವರಿಗೆ ಮೊದಲು ಜಾಗ ಬಿಟ್ಟು ಒಂಬತ್ತರ ಮೇಲೆ ಹೋಗಿ, ಮಾಲ್ಪುವಾ ಒಂದನ್ನು ಇಬ್ಬರು ಹಂಚಿಕೊಂಡರೆ ಸಾಕಾಗುತ್ತದೆ. ಮಸ್ಜಿದ್ ಬಂದರ್ ಇಲ್ಲವೇ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯಬೇಕು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗಲಾಗದವರು ಬರುವುದು ವಡಾಲಾದ ವಿಠ್ಠಲ ಮಂದಿರಕ್ಕೆ. ನಾರಳಿ ಪೂರ್ಣಿಮೆಗೆ ವರ್ಲಿ ಕೋಳಿವಾಡಾದ ಮೀನುಗಾರರು ಬಂಗಾರದ ಕಾಗದ ಸುತ್ತಿದ ತೆಂಗಿನಕಾಯಿ ಹೊತ್ತು ಸಮುದ್ರಕ್ಕೆ ಹೋಗುತ್ತಾರೆ. ಡಿಸೆಂಬರಿನಲ್ಲಿ ಹತ್ತು ದಿನ ಮಾಹಿಮಿನ ಮಖ್ದೂಮ್ ಬಾಬಾ ದರ್ಗಾದ ಉರೂಸು, ಅದಕ್ಕೆ ಮೊದಲ ಸಂದಲ್ ಒಯ್ಯುವ ಮರ್ಯಾದೆ ಮುಂಬಯಿ ಪೊಲೀಸರದು. ಜನವರಿಯ ಕೊನೆ, ಫೆಬ್ರವರಿಯ ಮೊದಲ ಹೊತ್ತಿಗೆ ಒಂಬತ್ತು ದಿನದ ಕಾಲಾ ಘೋಡಾ ಕಲಾ ಉತ್ಸವ, 1999ರಿಂದ ನಡೆಯುತ್ತಿದೆ, ಟಿಕೆಟಿಲ್ಲ.

ಡಿಸೆಂಬರ್ 6 ಹಬ್ಬವಲ್ಲ. ಅಂದು ಅಂಬೇಡ್ಕರರ ಪರಿನಿರ್ವಾಣದ ದಿನ, ದಾದರಿನ ಚೈತ್ಯಭೂಮಿಗೆ ಲಕ್ಷಾಂತರ ಮಂದಿ ಬರುತ್ತಾರೆ. ಮೋಜಿಗೆ ಹೋಗುವ ಜಾಗವಲ್ಲ. ಗೌರವದಿಂದ ಹೋಗುವವರಿಗೆ ಶಿವಾಜಿ ಪಾರ್ಕಿನ ಪುಸ್ತಕದ ಅಂಗಡಿಗಳನ್ನು ನೋಡಲು ಒಂದು ಇಡೀ ದಿನ ಸಾಲದು.

ಹೋಗುವುದು, ಬರುವುದು

ಲೋಕಲ್‌ನಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಚರ್ಚ್‌ಗೇಟ್, ಸಿ.ಎಸ್.ಎಂ.ಟಿ. ಕಡೆಗೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉಪನಗರದ ಕಡೆಗೆ ಹೋಗಬೇಡಿ. ಎದುರು ದಿಕ್ಕಿನ ಗಾಡಿ ಆ ಹೊತ್ತಿಗೂ ಹಗುರ. ಟಿಕೆಟ್ ಕೌಂಟರಿನ ಸಾಲು ಬೇಡವೆಂದರೆ ರೈಲ್‌ಒನ್ ಆ್ಯಪ್ ಇದೆ, ದಿನವಿಡೀ ಸುತ್ತುವವರಿಗೆ ಒಂದು, ಮೂರು, ಐದು ದಿನಗಳ ಟೂರಿಸ್ಟ್ ಪಾಸು ಸಿಗುತ್ತದೆ. ಭಾನುವಾರ ಹೊರಡುವ ಮುಂಚೆ ‘ಮೆಗಾ ಬ್ಲಾಕ್’ ಎಲ್ಲಿದೆ ಎಂದು ನೋಡಿ, ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದಕ್ಕೆ ಅಲ್ಲಿನ ಹೆಸರು ಅದು. ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ, ಕೈ ತಪ್ಪಿದರೆ ಸೇರಬೇಕಾದ ಸ್ಟೇಷನ್ ಯಾವುದೆಂದು ದೊಡ್ಡವರೂ ಮೊದಲೇ ಮಾತಾಡಿಕೊಂಡಿರಿ. ಗದ್ದಲದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಚೌತಿಗೆ ಕರಾವಳಿಯಿಂದ ಹೊರಡುವವರಿಗೆ ಒಂದು ಅನುಕೂಲವಿದೆ. ಮುಂಬಯಿಯಲ್ಲಿ ದುಡಿಯುವ ಕೊಂಕಣದವರು, ‘ಚಾಕರಮಾನಿ’ಗಳು, ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಚೌತಿಯ ಮುಂಚೆ ಕೊಂಕಣ ರೈಲು ತುಂಬಿ ತುಳುಕುವುದು ಮುಂಬಯಿಯಿಂದ ಹೊರಡುವ ದಿಕ್ಕಿನಲ್ಲಿ, ಗೌರಿ ವಿಸರ್ಜನೆಯ ನಂತರ ಮುಂಬಯಿಗೆ ಮರಳುವ ದಿಕ್ಕಿನಲ್ಲಿ. ನೀವು ಹೋಗುವುದೂ ಬರುವುದೂ ಅವರ ಎದುರು. ಮತ್ಸ್ಯಗಂಧ, ಮಂಗಳೂರು–ಸಿ.ಎಸ್.ಎಂ.ಟಿ. ಗಾಡಿಗಳಲ್ಲಿ ಸೀಟು ಸಿಗುವ ಸಂಭವ ಅಷ್ಟರ ಮಟ್ಟಿಗೆ ಹೆಚ್ಚು. ಬೆಂಗಳೂರು, ಕಲಬುರಗಿ ಕಡೆಯವರಿಗೆ ಉದ್ಯಾನ್, ಹುಬ್ಬಳ್ಳಿ ಕಡೆಯವರಿಗೆ ದಾದರ್ ಗಾಡಿಗಳು, ಇವುಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಬೇಗ ಬುಕ್ ಮಾಡಬೇಕು.

2026ರಲ್ಲಿ ಚೌತಿ ಸೆಪ್ಟೆಂಬರ್ 14, ಸೋಮವಾರ. ಬಾಂದ್ರಾ ಜಾತ್ರೆ ಶುರುವಾಗುವ ಭಾನುವಾರ 13ಕ್ಕೆ ಬೀಳುತ್ತದೆ. ಐದು ದಿನದಲ್ಲಿ ಕಿಂಗ್ಸ್ ಸರ್ಕಲ್, ಗಿರ್‌ಗಾಂವ್, ಮೌಂಟ್ ಮೇರಿ ಮೂರೂ ಆಗುತ್ತವೆ. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಅಂದರೆ ಸೆಪ್ಟೆಂಬರ್ 12ರಂದು ಹೊರಡುವ ರೈಲಿನ ಟಿಕೆಟಿಗೆ ಜುಲೈ 14ರ ಬೆಳಿಗ್ಗೆ 8 ಗಂಟೆಗೆ ಕೂರಬೇಕು.